ಅಕ್ಕನ ತಪ್ಪುಗಳು

ರಾಜಗೋಪಾಲನಗರ
12 ಜುಲೈ 2024

ಹೇಮಕ್ಕನಿಗೆ,

ಶಶಿಕಲಾ ಬರೆಯುತ್ತಿದ್ದೇನೆ. ಹರಿದು ಹಾಕುವ ಮೊದಲು ಎರಡನೇ ಪುಟದವರೆಗಾದರೂ ಓದಿ, ಆಮೇಲೆ ನಿಮ್ಮಿಷ್ಟ. ನೀವು ನಿವೃತ್ತರಾಗಿ ಸಿಂಗಸಂದ್ರದ ಮಗಳ ಮನೆಗೆ ಹೋಗಿ ಐದು ವರ್ಷವಾಯಿತು. ನಿಮ್ಮ ಬೀಳ್ಕೊಡುಗೆಗೆ ನಾನು ಬರಲಿಲ್ಲ, ಆಮೇಲೆ ಒಂದು ಫೋನೂ ಮಾಡಲಿಲ್ಲ. ಈಗ ಮಾಡೋಣವೆಂದರೆ ನಿಮಗೆ ಫೋನಿನಲ್ಲಿ ಏನೂ ಕೇಳಿಸುವುದಿಲ್ಲ, ಮೆಸೇಜು ನೋಡುವುದಿಲ್ಲ ಎಂದು ವೆಂಕಟೇಶಪ್ಪ ಸರ್ ಹೇಳಿದರು. ಈಗ ಅವರೇ ನಮ್ಮ ಹೆಡ್‌ಮಾಸ್ಟರು, ವಿಳಾಸವನ್ನೂ ಅವರೇ ಕೊಟ್ಟರು. ಶಾಲೆಯ ಗೋಡೆಗೆ ಅಂಟಿಕೊಂಡ ಫ್ಯಾಕ್ಟರಿಯ ಸದ್ದಿನ ಮೇಲೆ ಕಿರುಚಿಕೊಂಡು ಇಬ್ಬರೂ ಹನ್ನೊಂದು ವರ್ಷ ಪಾಠ ಮಾಡಿದೆವು. ನಿಮಗೆ ಕಿವಿ ಹೋಯಿತು, ನನಗೆ ಗಂಟಲು.

ವಿಷಯಕ್ಕೆ ಬರುತ್ತೇನೆ. ಈ ವರ್ಷ ನನಗೆ ನಾಲ್ಕನೇ ತರಗತಿ, ಮೂವತ್ನಾಲ್ಕು ಮಕ್ಕಳು. ಅವರಲ್ಲಿ ಕುಷ್ಟಗಿ ಕಡೆಯ ಅಕ್ಕ ತಂಗಿ ಇದ್ದಾರೆ. ಅಕ್ಕ ಮಹಾನಂದಾಗೆ ಹನ್ನೊಂದು ವರ್ಷ, ತಂಗಿ ಭಾಗ್ಯಶ್ರೀಗೆ ಒಂಬತ್ತು. ಅಪ್ಪ ಕೊಟ್ರಪ್ಪ ಪೀಣ್ಯದಲ್ಲಿ ಕಬ್ಬಿಣದ ಸಾಮಾನಿಗೆ ಬಣ್ಣ ಹೊಡೆಯುವ ಕೆಲಸದಲ್ಲಿದ್ದಾನೆ, ಅಮ್ಮ ದುರ್ಗವ್ವ ಪ್ಯಾಕಿಂಗ್ ಮಾಡುತ್ತಾಳೆ. ಕಟ್ಟಡದಿಂದ ಕಟ್ಟಡಕ್ಕೆ ಅಲೆದು ಇಲ್ಲಿ ನೆಲೆ ನಿಲ್ಲುವ ಹೊತ್ತಿಗೆ ದೊಡ್ಡವಳಿಗೆ ವಯಸ್ಸು ಮೀರಿತ್ತು, ಇಬ್ಬರನ್ನೂ ಒಂದೇ ತರಗತಿಗೆ ಸೇರಿಸಿದರಂತೆ. ತಂಗಿ ಬೆಂಕಿ. ನಾನು ಲೆಕ್ಕ ಬರೆದು ಸೀಮೆಸುಣ್ಣ ಕೆಳಗಿಡುವಷ್ಟರಲ್ಲಿ ಉತ್ತರ ಹೇಳಿ ಕಿಟಕಿಯ ಕಡೆ ನೋಡುತ್ತಾ ಕೂರುವಂಥವಳು. ಅಕ್ಕನಿಗೆ ಒಂದೇ ಲೆಕ್ಕವನ್ನು ಹತ್ತು ಸಲ ಹೇಳಿದರೂ ಅಷ್ಟೇ. ಜೂನಿನಲ್ಲಿ ಪೋಷಕರ ಸಭೆಗೆ ಅವರಮ್ಮ ಬಂದಿದ್ದಳು, ಇದ್ದದ್ದನ್ನು ಇದ್ದ ಹಾಗೆ ಹೇಳಿ ಕಳಿಸಿದೆ.

ಅದಾಗಿ ಹದಿನೈದು ದಿನಕ್ಕೆ ಕಿರುಪರೀಕ್ಷೆ ಕೊಟ್ಟೆ. ಇಪ್ಪತ್ತೈದು ಲೆಕ್ಕ, ಹೆಚ್ಚಿನವು ಕಳೆಯುವವು. ಅಕ್ಕನಿಗೆ ಹನ್ನೊಂದು ಅಂಕ, ತಂಗಿಗೂ ಹನ್ನೊಂದು. ಸರಿ, ಹುಷಾರಿರಲಿಲ್ಲವೇನೋ ಎಂದುಕೊಂಡು ನೋಡಿದರೆ ಹದಿನಾಲ್ಕು ತಪ್ಪೂ ಒಂದೇ. 52ರಲ್ಲಿ 37 ಹೋದರೆ ಇಬ್ಬರೂ 25 ಎಂದು ಬರೆದಿದ್ದಾರೆ. 304ರಲ್ಲಿ 158 ಹೋದರೆ ಇಬ್ಬರದೂ 254. ನನಗೆ ಪಿತ್ತ ನೆತ್ತಿಗೇರಿತು. ಬುದ್ಧಿವಂತೆ ಹೋಗಿ ಹೋಗಿ ಅವಳ ಹಾಳೆ ನೋಡಿ ಕಾಪಿ ಹೊಡೆಯುವುದೇ ಎಂದು ಕ್ಲಾಸಿನ ಎದುರಿಗೇ ಬೈದೆ. ಮಾರನೇ ದಿನ ಹೊಸ ಲೆಕ್ಕ ಕೊಟ್ಟು ಭಾಗ್ಯಶ್ರೀಯನ್ನು ವೆಂಕಟೇಶಪ್ಪ ಸರ್ ರೂಮಿನಲ್ಲಿ ಅವರ ಮೇಜಿನ ಮುಂದೆಯೇ ಕೂರಿಸಿದೆ.

ಮತ್ತೆ ಹನ್ನೊಂದು, ಹನ್ನೊಂದು. ತಪ್ಪುಗಳೂ ಸಾಲಾಗಿ ಅವೇ.

ಹೇಮಕ್ಕ, ಇದು ಹೇಗೆ ಸಾಧ್ಯ? ನಡುವೆ ಎರಡು ಗೋಡೆ, ಒಂದು ಅಡುಗೆಮನೆ. ಸರ್ ನಕ್ಕು, “ದೃಷ್ಟಿ ತೆಗೆಸ್ರಿ ಮೇಡಂ” ಎಂದರು. ಲೆಕ್ಕದ ವಿಷಯದಲ್ಲಿ ಕೇಳುವುದಕ್ಕೆ ನನಗೆ ನಿಮ್ಮನ್ನು ಬಿಟ್ಟರೆ ಇನ್ನೊಬ್ಬರಿಲ್ಲ. ಸಿಟ್ಟಿದ್ದರೆ ಇಟ್ಟುಕೊಳ್ಳಿ, ಉತ್ತರ ಮಾತ್ರ ಬರೆಯಿರಿ.

ನಿಮ್ಮ ಮುಂದೆ ಬರಲು ಮುಖವಿಲ್ಲದ
ಶಶಿಕಲಾ


ಸಿಂಗಸಂದ್ರ
25 ಜುಲೈ 2024

ಶಶಿ,

ಪತ್ರ ಹರಿಯಲಿಲ್ಲ. ಹರಿಯಬೇಕೆಂದು ಎರಡು ದಿನ ಫ್ರಿಜ್ಜಿನ ಮೇಲೆ ಇಟ್ಟಿದ್ದೆ. ಮೊಮ್ಮಗಳು ದಿವ್ಯಾ, “ಅಜ್ಜಿಗೆ ಯಾರೋ ಪೋಸ್ಟ್ ಹಾಕಿದಾರೆ” ಎಂದು ಅಪಾರ್ಟ್‌ಮೆಂಟಿನವರಿಗೆಲ್ಲ ತೋರಿಸಿಕೊಂಡು ಬಂದಳು. ಆಮೇಲೆ ಹರಿಯುವುದು ಚೆನ್ನಾಗಿರುವುದಿಲ್ಲ.

ನೀನು ಆವತ್ತಿನಿಂದ ಇವತ್ತಿನವರೆಗೆ ಮೊದಲು ಬೈದು ಆಮೇಲೆ ಯೋಚಿಸುವವಳು. ಇರಲಿ. ಲೆಕ್ಕಕ್ಕೆ ಸರಿ ಉತ್ತರ ಒಂದೇ, ಅದು ಇಬ್ಬರಿಗೂ ಒಂದೇ ಬಂದರೆ ಆಶ್ಚರ್ಯವಿಲ್ಲ. ತಪ್ಪು ಉತ್ತರ ಸಾವಿರ ಇರುತ್ತದೆ. ಗೋಡೆಯ ಆಚೆ ಕೂತು ಆ ಸಾವಿರದಲ್ಲಿ ಅದೇ ಒಂದನ್ನು ಹುಡುಕಿ ಬರೆಯುವುದು, ಅದೂ ಹದಿನಾಲ್ಕು ಸಲ, ನನ್ನಿಂದ ಆಗುವುದಿಲ್ಲ, ನಿನ್ನಿಂದಲೂ ಆಗುವುದಿಲ್ಲ. ಚಿಕ್ಕವಳ ಹಾಳೆಯನ್ನು ಬೆಳಕಿಗೆ ಹಿಡಿದು ನೋಡು. ರಬ್ಬರ್ ಉಜ್ಜಿದ ಜಾಗದ ಕೆಳಗೆ ಏನಿದೆ ನೋಡು.

ಇನ್ನೊಂದು. ಅವರಮ್ಮನಿಗೆ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ ಎಂದು ಬರೆದಿದ್ದೀಯ. ಏನು ಹೇಳಿದೆ? ಆಡಿದ ಮಾತನ್ನೇ ಬರೆ, ನಯ ಮಾಡಿ ಬರೆಯಬೇಡ.

ಹೇಮಲತಾ


ರಾಜಗೋಪಾಲನಗರ
9 ಆಗಸ್ಟ್ 2024

ಹೇಮಕ್ಕ,

ಹಾಳೆಯನ್ನು ಕಿಟಕಿಗೆ ಹಿಡಿದೆ. 25ರ ಕೆಳಗೆ ಮಸುಕಾಗಿ 15 ಇತ್ತು. 254ರ ಕೆಳಗೆ 146. ಹದಿನಾಲ್ಕಕ್ಕೆ ಹದಿನಾಲ್ಕೂ ಮೊದಲು ಸರಿಯಾಗಿ ಬರೆದು, ಅಳಿಸಿ, ಆಮೇಲೆ ಅಕ್ಕನ ತಪ್ಪು ಉತ್ತರ ಬರೆದಿದ್ದಾಳೆ. ಆ ಹಾಳೆಯನ್ನು ಅಲ್ಲೇ ಡೆಸ್ಕಿನ ಮೇಲೆ ಇಡಲು ನನಗೆ ಹೆದರಿಕೆಯಾಗಿ ಬೀರುವಿನಲ್ಲಿಟ್ಟು ಬೀಗ ಹಾಕಿದೆ.

ಬಿಸಿಯೂಟ ಮುಗಿದ ಮೇಲೆ ಅವಳೊಬ್ಬಳನ್ನೇ ಕರೆದೆ. ಬೈಯಲ್ಲ ಕಣೇ, ಯಾಕೆ ಹಿಂಗ್ ಮಾಡಿದೆ ಹೇಳು ಎಂದೆ. ತುಂಬ ಹೊತ್ತು ತಟ್ಟೆಯ ಅಂಚು ತಿಕ್ಕುತ್ತಾ ನಿಂತಳು.

“ಅವ್ವಗ ಹೇಳಬ್ಯಾಡ್ರಿ ಮಿಸ್,” ಎಂದಳು. ಆಮೇಲೆ, “ಅಕ್ಕಗ ತಲಿಗೆ ಹತ್ತೂದಿಲ್ಲಂತ ನೀವ ಅಂದಿದ್ರೆಲ್ರೀ. ಅಪ್ಪ ಅಂದ, ಓದು ಬರಲಾರದಾಕಿ ಇಲ್ಲಿದ್ದು ಏನ್ ಮಾಡ್ತಾಳ, ಊರಾಗ ಅಜ್ಜಿ ಜೋಡಿ ಇರಲಿ ಅಂತ. ಇಬ್ರಿಗೂ ಸಮ ಬಿದ್ರ ಯಾರನ್ನ ಕಳಸ್ತಾನ್ರಿ?”

ಒಂಬತ್ತು ವರ್ಷದ ಹುಡುಗಿ ಇಷ್ಟನ್ನೂ ಒಬ್ಬಳೇ ಯೋಚಿಸಿ, ಒಬ್ಬಳೇ ಬೈಸಿಕೊಂಡು, ಅಳದೆ ನಿಂತಿದ್ದಳು. ಅಕ್ಕ ಏನು ಬರೆಯುತ್ತಾಳೆ ಎಂದು ಆ ರೂಮಿನಲ್ಲಿ ಕೂತು ನಿನಗೆ ಹೇಗೆ ಗೊತ್ತಾಯಿತು ಎಂದು ಕೇಳಿದೆ. ಇಷ್ಟು ಸುಲಭದ್ದು ಕೇಳುತ್ತಾರಲ್ಲ ಎಂಬ ಮುಖ ಮಾಡಿದಳು.

“ಅಕ್ಕ ದೊಡ್ಡದ್ರಾಗ ಸಣ್ಣದು ತಗೀತಾಳ್ರಿ. ಮ್ಯಾಲೆ ಇರಲಿ, ಕೆಳಗ ಇರಲಿ. ಏಳರಾಗ ಎರಡು ಹೋದ್ರ ಐದು, ಐದರಾಗ ಮೂರು ಹೋದ್ರ ಎರಡು. ಇಪ್ಪತ್ತೈದು.”

“ಯಾಕೆ ಹಂಗ್ ಮಾಡ್ತಾಳೆ?”

“ನೀವ ಹೇಳಿದ್ರಿ ಮಿಸ್. ಮೊದಲನೇ ದಿನ. ಯಾವಾಗಲೂ ದೊಡ್ಡದರಿಂದ ಚಿಕ್ಕದನ್ನು ಕಳೆಯಬೇಕು ಅಂತ. ಅಕ್ಕ ನೀವು ಹೇಳಿದ್ದು ಬಿಡೂದಿಲ್ರಿ.”

ಹೌದು, ಹೇಳಿದ್ದೆ. ಪ್ರತಿ ವರ್ಷ ಹೇಳುತ್ತೇನೆ. ಆಮೇಲೆ, ಮೇಲಿನ ಅಂಕಿ ಚಿಕ್ಕದಿದ್ದರೆ ಪಕ್ಕದ ಮನೆಯಿಂದ ಹತ್ತು ತರುವುದನ್ನು ಬೋರ್ಡಿನಲ್ಲಿ ತೋರಿಸಿದಾಗ ಉಳಿದ ಮಕ್ಕಳು ನನ್ನ ಮೊದಲ ಮಾತು ಮರೆತು, ಬೋರ್ಡಿನಲ್ಲಿ ಇದ್ದ ಹಾಗೆ ಮಾಡಿ ಪಾರಾದರು. ಮಹಾನಂದಾ ಒಬ್ಬಳೇ ನನ್ನ ಮಾತು ಹಿಡಿದುಕೊಂಡು ಕೂತಳು. ಮಾತು ಕೇಳಿದ್ದಕ್ಕೆ ನಾನು ಅವಳಿಗೆ ಹದಿನಾಲ್ಕು ಕೆಂಪು ಗೆರೆ ಎಳೆದೆ.

ನೀವು ಕೇಳಿದ ಮಾತನ್ನು ಈಗ ಬರೆಯುತ್ತೇನೆ. ದುರ್ಗವ್ವ ಶಿಫ್ಟಿನಿಂದ ಒಂದು ಗಂಟೆ ಬಿಡಿಸಿಕೊಂಡು ಸಭೆಗೆ ಬಂದಿದ್ದಳು. ನಾನು ಅವಳಿಗೆ ಹೇಳಿದ್ದು ಇದು: “ಚಿಕ್ಕವಳಿಗೆ ತಲೆ ಇದೆ ಕಣಮ್ಮ, ಓದ್ಸಿ. ದೊಡ್ಡವಳಿಗೆ ಎಷ್ಟು ಹೇಳಿದ್ರೂ ಹತ್ತಲ್ಲ, ಸುಮ್ನೆ ಟೈಮ್ ವೇಸ್ಟು.” ಇಬ್ಬರು ಮಕ್ಕಳೂ ಅಮ್ಮನ ಸೆರಗಿನ ಪಕ್ಕದಲ್ಲೇ ನಿಂತಿದ್ದರು.

ನೀವು ನಿವೃತ್ತರಾಗುವ ವರ್ಷ ನನ್ನ ಕ್ಲಾಸಿನಲ್ಲಿದ್ದ ರೇವಣಸಿದ್ದನ ಅಪ್ಪನಿಗೂ ಹೆಚ್ಚುಕಡಿಮೆ ಇದನ್ನೇ ಹೇಳಿದ್ದೆ. ಮಾರನೇ ವಾರದಿಂದ ಆ ಹುಡುಗ ಶಾಲೆಗೆ ಬರಲಿಲ್ಲ. ನೀವು ಸ್ಟಾಫ್ ರೂಮಿನಲ್ಲಿ ಎಲ್ಲರ ಮುಂದೆ, “ನಿನಗೆ ಬುದ್ಧಿವಂತ ಮಕ್ಕಳು ಬೇಕು ಶಶಿ, ಮಕ್ಕಳು ಬೇಡ” ಎಂದಿರಿ. ಐದು ವರ್ಷ ನಿಮ್ಮ ಮೇಲೆ ಹಲ್ಲು ಕಡಿದೆ. ನಿಮ್ಮ ಮಾತು ಸುಳ್ಳಾಗಿದ್ದರೆ ಅಷ್ಟು ಸಿಟ್ಟು ಬರುತ್ತಿರಲಿಲ್ಲ.

ಶಶಿ


ಸಿಂಗಸಂದ್ರ
21 ಆಗಸ್ಟ್ 2024

ಶಶಿ,

ನಿನ್ನ ಪತ್ರ ಓದಿ ಅಂದು ಊಟ ಸೇರಲಿಲ್ಲ. ಕಾರಣ ನೀನು ಅಂದುಕೊಂಡದ್ದಲ್ಲ.

ದೊಡ್ಡದರಿಂದ ಚಿಕ್ಕದನ್ನು ಕಳೆಯಬೇಕು ಎಂಬ ಆ ವಾಕ್ಯ ನಿನ್ನದಲ್ಲ, ನನ್ನದು. ನೀನು ಕೆಲಸಕ್ಕೆ ಸೇರಿದ ಹೊಸತರಲ್ಲಿ ಒಂದು ವಾರ ನನ್ನ ಕ್ಲಾಸಿನ ಹಿಂದಿನ ಬೆಂಚಿನಲ್ಲಿ ಕೂತು ನೋಟು ಬರೆದುಕೊಂಡೆಯಲ್ಲ, ಆಗ ಬರೆದುಕೊಂಡದ್ದು. ನಾನು ಮೂವತ್ತಮೂರು ವರ್ಷ ಹಾಗೆಯೇ ಹೇಳಿದೆ. ನನಗೆ ಕಲಿಸಿದ ಸೋಮಪ್ಪ ಮೇಷ್ಟ್ರೂ ಹಾಗೆಯೇ ಹೇಳುತ್ತಿದ್ದರು. ಅಷ್ಟು ವರ್ಷಗಳಲ್ಲಿ ಎಷ್ಟು ಮಹಾನಂದಾಗಳು ನನ್ನ ಮಾತನ್ನು ಪೂರಾ ನಂಬಿ ದಡ್ಡರಾದರೋ ದೇವರಿಗೇ ಗೊತ್ತು. ನಿನ್ನನ್ನು ಎಲ್ಲರ ಮುಂದೆ ಅಂದೆ. ನನ್ನನ್ನು ಅನ್ನುವವರು ಯಾರೂ ಇರಲಿಲ್ಲ, ಅಷ್ಟೇ ವ್ಯತ್ಯಾಸ.

ರೇವಣಸಿದ್ದ ನನ್ನ ಕ್ಲಾಸಿನಲ್ಲೂ ಒಂದು ವರ್ಷ ಇದ್ದ. ಅವನು ಯಾಕೆ ತಪ್ಪು ಮಾಡುತ್ತಾನೆ ಎಂದು ನಾನೂ ಒಂದು ದಿನ ಕೇಳಲಿಲ್ಲ.

ಒಂಬತ್ತು ವರ್ಷದ ಹುಡುಗಿ ಕೇಳದೆಯೇ ಕಂಡುಹಿಡಿದಳಲ್ಲ ಶಶಿ. ನನಗೆ ಅದು ದೊಡ್ಡ ವಿಷಯ. ಬುದ್ಧಿ ಎಂದರೆ ಬೇಗ ಉತ್ತರ ಹೇಳುವುದು ಎಂದುಕೊಂಡೇ ನಾನು ಪೆನ್ಶನ್ನು ತೆಗೆದುಕೊಳ್ಳುತ್ತಿದ್ದೇನೆ.

ಅವರ ಮನೆಗೆ ಹೋಗು.

ಹೇಮಲತಾ


ರಾಜಗೋಪಾಲನಗರ
14 ಸೆಪ್ಟೆಂಬರ್ 2024

ಹೇಮಕ್ಕ,

ಒಂದು ಸಂಗತಿ ಹೇಳಲೇಬೇಕು, ಹೇಳದಿದ್ದರೆ ಹೊಟ್ಟೆ ಉಬ್ಬಿ ಸಾಯುತ್ತೇನೆ.

ಗೋಡೆಯ ಮೇಲೆ ನನ್ನ ನಕ್ಷತ್ರದ ಚಾರ್ಟ್ ಇತ್ತಲ್ಲ, ಸರಿ ಉತ್ತರಕ್ಕೊಂದು ಬಂಗಾರದ ನಕ್ಷತ್ರ. ಜೂನಿನಿಂದ ಆಗಸ್ಟಿನವರೆಗೆ ಅದೇ ಐದು ಹೆಸರಿನ ಮುಂದೆ ನಕ್ಷತ್ರ. ಉಳಿದವರು ಅದರ ಕಡೆ ನೋಡುವುದನ್ನೇ ಬಿಟ್ಟಿದ್ದರು. ಆ ಐವರೂ ಅಷ್ಟೇ, ಬರುತ್ತದೆಂದು ಗೊತ್ತಿದ್ದ ಮೇಲೆ ಕಷ್ಟಪಡುವುದನ್ನು ಬಿಟ್ಟಿದ್ದರು. ಚಾರ್ಟ್ ತೆಗೆದುಹಾಕಿದೆ. ಅದೇ ಜಾಗದಲ್ಲಿ ಈಗ ದಿನವೂ ಒಂದು ತಪ್ಪು ಲೆಕ್ಕ ಬರೆಯುತ್ತೇನೆ. ಯಾರದೆಂದು ಹೆಸರಿಲ್ಲ. ಮೇಲೆ ‘ಇಂದಿನ ತಪ್ಪು’ ಎಂದು ಬರೆದಿರುತ್ತದೆ. ಸರಿ ಉತ್ತರ ಹೇಳಿದರೆ ಯಾರೂ ಕೇಳುವುದಿಲ್ಲ. ಈ ಉತ್ತರ ಬರೆದವರು ಏನು ಯೋಚಿಸಿ ಬರೆದರು ಎಂದು ಹೇಳಬೇಕು.

ಮೊದಲ ದಿನ 52, 37, 25. ಚಿರಂಜೀವಿ ಎಂಬ ಹುಡುಗನಿದ್ದಾನೆ, ಇಲ್ಲಿನ ಹಳೇ ಊರಿನವರ ಮನೆಯ ಮಗ, ಅರ್ಧ ಬೀದಿಗೆ ಅವರೇ ಮನೆ ಓನರು. ಲೆಕ್ಕವನ್ನು ಎಲ್ಲರಿಗಿಂತ ಮುಂಚೆ ಮುಗಿಸಿ ಪಕ್ಕದವರ ಜಡೆ ಎಳೆಯುವುದು ಅವನ ಕಸುಬು. ಅವತ್ತು ಆ ಹುಡುಗನಿಗೆ ಹೊಳೆಯಲಿಲ್ಲ. ಜನ್ಮದಲ್ಲಿ ಮೊದಲ ಸಲ ಅವನಿಗೆ ಹೊಳೆಯದೇ ಇದ್ದದ್ದು. ಬೆಲ್ ಹೊಡೆದರೂ ಏಳಲಿಲ್ಲ. ಕೊನೆಗೆ, “ಅಯ್ಯೋ, ಉಲ್ಟಾ ಕಳ್ದವ್ರೆ ಮಿಸ್” ಎಂದು ಕೂಗಿದ. ಆಗ ಮಹಾನಂದಾ ಎದ್ದು ನಿಂತಳು. “ಉಲ್ಟಾ ಅಲ್ರಿ. ದೊಡ್ಡದ್ರಾಗ ಸಣ್ಣದು ತಗದಿದ್ದು. ಮಿಸ್ ಹೇಳಿದ್ರು.” ನಾನು ಕ್ಲಾಸಿಗೆ ಹೇಳಿದೆ, ಹೌದು, ಈ ತಪ್ಪು ನಂದು, ನಾನು ಅರ್ಧ ಹೇಳಿದ್ದೆ ಎಂದು. ಮೂವತ್ನಾಲ್ಕು ಮಕ್ಕಳು ಬಾಯಿ ಬಿಟ್ಟುಕೊಂಡು ನೋಡಿದರು. ಮಿಸ್ ಕೂಡ ತಪ್ಪು ಮಾಡುತ್ತಾರೆಂದು ಯಾರೂ ಅವರಿಗೆ ಹೇಳಿರಲಿಲ್ಲ.

ಹಿಂದಿನ ಬೆಂಚಿನ ಸಿದ್ರಾಮ ಮೂರು ಸಾವಿರದ ಏಳನ್ನು 30007 ಎಂದು ಬರೆಯುತ್ತಿದ್ದ. ಕೇಳಿಸಿದ ಹಾಗೆ ಬರೆದಿದ್ದಾನೆ, ಮೊದಲು ಮೂರು ಸಾವಿರ, ಆಮೇಲೆ ಏಳು. ಇದನ್ನು ಮಕ್ಕಳೇ ಕಂಡುಹಿಡಿದು ಮಕ್ಕಳೇ ಅವನಿಗೆ ತಿದ್ದಿದರು. ಈಗ ಅವನು ದಿನವೂ, “ಇವತ್ತು ನಂದು ಹಾಕಿ ಮಿಸ್” ಎಂದು ಹಿಂದೆ ಬೀಳುತ್ತಾನೆ. ಹದಿನಾರು ವರ್ಷ ಪಾಠ ಮಾಡಿದ್ದೇನೆ ಹೇಮಕ್ಕ, ಮಕ್ಕಳ ತಲೆಯೊಳಗೆ ಇಷ್ಟೆಲ್ಲ ನಡೆಯುತ್ತಿರುತ್ತದೆ ಎಂದು ಈಗ ಗೊತ್ತಾಗುತ್ತಿದೆ. ಬೆಳಿಗ್ಗೆ ಎಂಟನೇ ಮೈಲಿ ಸಿಗ್ನಲ್ಲಿನಲ್ಲಿ ಬಸ್ಸು ನಿಂತರೆ ಈಗ ನನಗೆ ಚಡಪಡಿಕೆ.

ಮಹಾನಂದಾ ಹತ್ತು ತರುವುದನ್ನು ಕಲಿಯುತ್ತಿದ್ದಾಳೆ, ನಿಧಾನಕ್ಕೆ. ಹೋದ ವಾರ ಹನ್ನೆರಡು, ಈ ವಾರ ಹದಿನಾಲ್ಕು. ಭಾಗ್ಯಶ್ರೀಯೂ ಹನ್ನೆರಡು, ಹದಿನಾಲ್ಕು. ಒಂದು ಹೆಜ್ಜೆ ಹಿಂದಿಲ್ಲ, ಒಂದು ಹೆಜ್ಜೆ ಮುಂದಿಲ್ಲ.

ಅವರ ಮನೆಗೆ ಇನ್ನೂ ಹೋಗಿಲ್ಲ. ಅವ್ವಗ ಹೇಳಬ್ಯಾಡ್ರಿ ಎಂದು ಹುಡುಗಿ ಬೇಡಿಕೊಂಡಿದ್ದಾಳಲ್ಲ.

ಖುಷಿಯಲ್ಲಿರುವ
ಶಶಿ


ಸಿಂಗಸಂದ್ರ
23 ಸೆಪ್ಟೆಂಬರ್ 2024

ಶಶಿ,

ಬೋರ್ಡಿನ ವಿಷಯ ಓದಿ ಎರಡು ಸಲ ನಕ್ಕೆ, ಒಂದು ಸಲ ಅತ್ತೆ. ದಿವ್ಯಾಳಿಗೂ ಓದಿ ಹೇಳಿದೆ.

ಹುಡುಗಿ ಹೇಳಬೇಡ ಎಂದದ್ದು ಅವಳ ಗುಟ್ಟನ್ನು. ನಿನ್ನ ತಪ್ಪನ್ನು ಹೇಳಬೇಡ ಎಂದಿಲ್ಲ. ಕ್ಲಾಸಿನಲ್ಲಿ ಒಪ್ಪಿಕೊಳ್ಳುವುದು ಸುಲಭ, ಅವರು ಮಕ್ಕಳು. ದಸರಾ ರಜೆಯ ಮುಂಚೆ ಹೋಗು.

ಹೇಮಲತಾ


ರಾಜಗೋಪಾಲನಗರ
22 ಅಕ್ಟೋಬರ್ 2024

ಹೇಮಕ್ಕ,

ನಾನು ಹೋಗಲಿಲ್ಲ. ಇವತ್ತು ಹೋಗುತ್ತೇನೆ, ನಾಳೆ ಹೋಗುತ್ತೇನೆ ಎಂದು ರಜೆ ಬಂದೇ ಬಿಟ್ಟಿತು.

ನಿನ್ನೆ ಶಾಲೆ ಶುರುವಾಯಿತು. ಭಾಗ್ಯಶ್ರೀ ಒಬ್ಬಳೇ ಬಂದಳು. ಹಬ್ಬಕ್ಕೆ ಊರಿಗೆ ಹೋದವರು ಮಹಾನಂದಾಳನ್ನು ಅಜ್ಜಿಯ ಹತ್ತಿರ ಬಿಟ್ಟು ಬಂದಿದ್ದಾರೆ. ಬೆಂಚಿನಲ್ಲಿ ಅಕ್ಕ ಕೂರುತ್ತಿದ್ದ ಜಾಗ ಬಿಟ್ಟು ಆ ಹುಡುಗಿ ಈ ತುದಿಯಲ್ಲಿ ಕೂತಿದ್ದಾಳೆ. ಬೇರೆ ಯಾರನ್ನೂ ಅಲ್ಲಿ ಕೂರಲು ಬಿಡುತ್ತಿಲ್ಲ.

ಬೈಯಿರಿ. ಈ ಸಲ ಚೆನ್ನಾಗಿ ಬೈಯಿರಿ.

ಶಶಿ


ರಾಜಗೋಪಾಲನಗರ
18 ನವೆಂಬರ್ 2024

ಹೇಮಕ್ಕ,

ನೀವು ಬೈಯಲಿಲ್ಲ. ಒಂದು ತಿಂಗಳು ಕಾದೆ. ಬೈಗುಳಕ್ಕಿಂತ ಅದೇ ಜಾಸ್ತಿ ನೋವಾಯಿತು. ಅದಕ್ಕೇ ಹಾಗೆ ಮಾಡಿದಿರಿ ಎಂದು ಗೊತ್ತು.

ಹೋದ ವಾರ ಮತ್ತೆ ಕಿರುಪರೀಕ್ಷೆ. ಇನ್ನು ಭಾಗ್ಯಶ್ರೀ ಯಾರಿಗೋಸ್ಕರ ತಪ್ಪು ಬರೆಯಬೇಕು, ಇಪ್ಪತ್ತೈದಕ್ಕೆ ಇಪ್ಪತ್ತೈದು ಬರುತ್ತದೆ, ಅದನ್ನು ನೋಡಲು ನನಗೆ ಮನಸ್ಸಾಗುವುದಿಲ್ಲ ಎಂದುಕೊಂಡು ಅವಳ ಹಾಳೆಯನ್ನು ಕೊನೆಗೆ ಇಟ್ಟುಕೊಂಡಿದ್ದೆ. ಹದಿನಾಲ್ಕು ಬಂದಿತ್ತು. ಅಕ್ಕ ರಜೆಗೆ ಮುಂಚೆ ಎಲ್ಲಿ ನಿಂತಿದ್ದಳೋ ಅಲ್ಲೇ, ಅವೇ ತಪ್ಪುಗಳು.

ಇನ್ನೂ ಇದೆ. ಮೂರು ಪ್ರಶ್ನೆ ಭಿನ್ನರಾಶಿಯದು. ಆ ಪಾಠ ಮಾಡಿದ್ದೇ ರಜೆಯ ಮೇಲೆ, ಮಹಾನಂದಾ ಅದನ್ನು ಕೇಳಿಯೇ ಇಲ್ಲ. ಮೂರನೇ ಒಂದು ಭಾಗ ದೊಡ್ಡದೋ, ನಾಲ್ಕನೇ ಒಂದು ಭಾಗ ದೊಡ್ಡದೋ? ನಾಲ್ಕನೇ ಒಂದು ಎಂದು ಬರೆದಿದ್ದಾಳೆ. ಅಳಿಸಿದ ಜಾಗದ ಕೆಳಗೆ ಸರಿ ಉತ್ತರವಿದೆ. ಇದ್ಯಾಕೆ ಎಂದು ಕೇಳಿದೆ. “ಅಕ್ಕ ಇದ್ದಿದ್ರ ನಾಕು ದೊಡ್ಡದು ಅಂತಿದ್ದಳ್ರಿ,” ಎಂದಳು. ನಾನೂರು ಕಿಲೋಮೀಟರ್ ದೂರ ಇರುವ ಅಕ್ಕ, ಕೇಳದ ಪಾಠದಲ್ಲಿ, ಮಾಡದ ತಪ್ಪು. ಅದನ್ನೂ ಈ ಮಗು ಯೋಚಿಸಿ ಬರೆದು ಅಕ್ಕನ ಜಾಗ ಹಿಡಿದಿಟ್ಟಿದೆ. ಕೈಮುಗಿಯಬೇಕು ಅನ್ನಿಸಿತು.

ಈ ಸಲ ನಾಳೆ ಅನ್ನಲಿಲ್ಲ. ನಿನ್ನೆ ಭಾನುವಾರ ಹಾಳೆಗಳನ್ನೆಲ್ಲ ತೆಗೆದುಕೊಂಡು ಅವರ ಮನೆಗೆ ಹೋದೆ. ಶೀಟು ಹೊದಿಸಿದ ಸಾಲುಮನೆ, ಒಂದೇ ರೂಮು. ದುರ್ಗವ್ವ ನನ್ನನ್ನು ಕಂಡು ಗಾಬರಿಯಾಗಿ ಚಾಪೆ ಹುಡುಕಿದಳು. “ಬರ್ರಿ ಅಕ್ಕೋರ” ಎಂದಳು, ಅವರ ಕಡೆ ಟೀಚರಿಗೆ ಹಾಗೆನ್ನುತ್ತಾರೆ. ಕೊಟ್ರಪ್ಪ ಗೋಡೆಗೆ ಒರಗಿ ನಿಂತಿದ್ದ.

ಬಾಯಿಪಾಠ ಮಾಡಿಕೊಂಡು ಹೋಗಿದ್ದೆಲ್ಲ ಮರೆತುಹೋಯಿತು. ನೇರ ಹೇಳಿಬಿಟ್ಟೆ. “ನಿಮ್ಮ ದೊಡ್ಡ ಮಗಳು ನಾನು ಹೇಳಿಕೊಟ್ಟಂಗೇ ಮಾಡಿದಾಳೆ. ನಾನೇ ತಪ್ಪು ಹೇಳಿಕೊಟ್ಟಿದ್ದೆ. ಅವಳಿಗೆ ತಲೆಗೆ ಹತ್ತಲ್ಲ ಅಂತ ಅಂದಿದ್ದು ಸುಳ್ಳು. ಆ ಮಾತು ವಾಪಸ್ ತಗೊಳೋಕೆ ಬಂದಿದೀನಿ.” ಆಮೇಲೆ ಹಾಳೆಗಳನ್ನು ನೆಲದ ಮೇಲೆ ಹರಡಿದೆ. ಭಾಗ್ಯಶ್ರೀಯ ಗುಟ್ಟನ್ನೂ ಹೇಳಿದೆ. ಹೇಳುವ ಮುಂಚೆ ಅವಳ ಮುಖ ನೋಡಿದೆ, ತಲೆಯಾಡಿಸಿದಳು.

ಕೊಟ್ರಪ್ಪ ಹಾಳೆಯನ್ನು ಬಾಗಿಲ ಬೆಳಕಿಗೆ ಹಿಡಿದು ಒಂದೊಂದೇ ಅಂಕಿಯ ಕೆಳಗೆ ಬೆರಳಾಡಿಸಿದ. ಬೆರಳ ಸಂದಿಯಲ್ಲೆಲ್ಲ ಬಣ್ಣದ ಪುಡಿ. “ಬರೂ ಲೆಕ್ಕಾನ ತಪ್ಪು ಮಾಡೀಯೇನವಾ?” ಎಂದು ಮಗಳನ್ನು ಕೇಳಿದ. ದುರ್ಗವ್ವ ಕಣ್ಣೊರೆಸಿಕೊಂಡು, “ಈಕಿಗೆ ಎಣಿಸಾಕ ಕಲಿಸಿದಾಕಿನ ಆಕಿ ನೋಡ್ರಿ. ನಾವು ಕೆಲಸಕ್ಕ ಹೋದ್ರ ಈಕಿನ್ನ ಬಗಲಾಗ ಇಟಗೊಂಡು, ಕಬ್ಬಿಣದ ಸಳಿ ಒಂದು, ಎರಡು ಅಂತ ಎಣಿಸಿ ತೋರಸಾಕಿ. ಅದಕ್ಕ ಆಕಿ ಸಾಲಿ ತಪ್ಪಿದ್ದು” ಎಂದಳು.

ಅದು ನನಗೆ ಗೊತ್ತಿರಲಿಲ್ಲ ಹೇಮಕ್ಕ. ನನ್ನ ಬುದ್ಧಿವಂತೆಗೆ ಮೊದಲ ಟೀಚರು ನನ್ನ ದಡ್ಡಿ.

ಹೊರಡುವಾಗ ಕೊಟ್ರಪ್ಪ ಹೇಳಿದ್ದು ಇಷ್ಟು: “ಎಳ್ಳಮಾಸಿಗೆ ಊರಿಗೆ ಹೊಂಟೀವ್ರಿ. ಬರುವಾಗ ಕರಕೊಂಡ ಬರ್ತೀನಿ. ಬ್ಯಾಸಗಿತನಕ ನೋಡೂಣು.”

ಬೇಸಿಗೆಯವರೆಗೆ. ಅಷ್ಟಾದರೂ ಸಿಕ್ಕಿತು.

ಶಶಿ


ಸಿಂಗಸಂದ್ರ
5 ಡಿಸೆಂಬರ್ 2024

ಶಶಿ,

ಹೋದೆಯಲ್ಲ, ಸಾಕು. ನಾನು ರೇವಣಸಿದ್ದನ ಮನೆಗೆ ಯಾವತ್ತೂ ಹೋಗಲಿಲ್ಲ. ನಿನ್ನನ್ನು ಬೈದು ಮನೆಗೆ ಹೋಗಿ ಕಾಫಿ ಕುಡಿದೆ.

ಎಳ್ಳಮಾವಾಸ್ಯೆ ಯಾವತ್ತು? ಈ ಮನೆಯ ಕ್ಯಾಲೆಂಡರಿನಲ್ಲಿ ಬರೀ ಆಫೀಸಿನ ರಜೆಗಳಿವೆ.

ಹೇಮಲತಾ


ರಾಜಗೋಪಾಲನಗರ
24 ಜನವರಿ 2025

ಹೇಮಕ್ಕ,

ಬಂದಳು. ಹೊಸ ವರ್ಷದ ಮೊದಲ ವಾರ ಎಣ್ಣೆ ಹಚ್ಚಿ ಎರಡು ಜಡೆ ಹಾಕಿಕೊಂಡು ಬಂದು ತನ್ನ ಜಾಗದಲ್ಲಿ ಕೂತಳು, ನಿನ್ನೆ ತಾನೇ ಎದ್ದುಹೋದವಳ ಹಾಗೆ.

ಅವಳಿಗೆ ಸ್ವಲ್ಪ ದಿನ ಹೊಂದಿಕೊಳ್ಳಲು ಬಿಟ್ಟು ಹೋದ ಶುಕ್ರವಾರ ಪರೀಕ್ಷೆ ಕೊಟ್ಟೆ. ನವೆಂಬರಿನಲ್ಲಿ ಕೊಟ್ಟ ತರಹದ್ದೇ, ಮೂರು ಭಿನ್ನರಾಶಿಯೂ ಇತ್ತು. ಆ ಪಾಠವನ್ನು ಮಹಾನಂದಾಗೆ ನಾನು ಇನ್ನೂ ಮಾಡಿರಲಿಲ್ಲ. ಬಿಡಬಹುದಿತ್ತು, ಬಿಡಲಿಲ್ಲ. ಯಾಕೆಂದು ನನಗೂ ಗೊತ್ತಿಲ್ಲ. ಅಂದೇ ಮಧ್ಯಾಹ್ನ ಇಬ್ಬರ ಹಾಳೆಯನ್ನೂ ಪಕ್ಕಪಕ್ಕ ಇಟ್ಟುಕೊಂಡು ತಿದ್ದಿದೆ.

ಭಾಗ್ಯಶ್ರೀಗೆ ಹದಿನಾಲ್ಕು. ಮಹಾನಂದಾಗೆ ಹದಿನೇಳು.

ಮೂರು ಸಲ ಕೂಡಿದೆ. ಕಳೆಯುವ ಲೆಕ್ಕಗಳಲ್ಲಿ ತಪ್ಪುಗಳೆಲ್ಲ ಅವೇ. ಭಿನ್ನರಾಶಿ ಮೂರರಲ್ಲಿ ತಂಗಿಯದು ಮೂರೂ ತಪ್ಪು, ಅಕ್ಕನದು ಮೂರೂ ಸರಿ.

ಹಾಳೆ ಕೊಟ್ಟಾಗ ಭಾಗ್ಯಶ್ರೀ ತನ್ನದನ್ನು ನೋಡಲೇ ಇಲ್ಲ, ಅಕ್ಕನದನ್ನು ಎಳೆದುಕೊಂಡು ನೋಡಿದಳು. ನೋಡಿದವಳು ಹಾಗೇ ಕೂತಳು. ಆ ಮುಖವನ್ನು ನೀವು ನೋಡಬೇಕಿತ್ತು. ಆ ಹುಡುಗಿಗೆ ಲೆಕ್ಕ ತಪ್ಪಿದ್ದನ್ನು ನಾನು ಮೊದಲ ಸಲ ನೋಡಿದ್ದು. ಮಹಾನಂದಾ ತಂಗಿಯ ಹಾಳೆ ನೋಡಿ ಹುಬ್ಬು ಗಂಟಿಕ್ಕಿದಳು. “ಇಷ್ಟೂ ಬರೂದಿಲ್ಲೇನ ನಿನಗ?” ಎಂದಳು.

ಮೂರನೇ ಒಂದು ಭಾಗ ದೊಡ್ಡದು ಅಂತ ನಿಂಗೆ ಯಾರು ಹೇಳಿಕೊಟ್ರು ಎಂದು ನಾನು ಕೇಳಿದೆ.

“ಯಾರೂ ಇಲ್ರಿ. ಅಜ್ಜಿ ಮನ್ಯಾಗ ಒಂದ ರೊಟ್ಟಿ ಮೂರು ಮಂದಿ ಹರಕೊಂಡು ತಿಂತಿದ್ರು. ನಾ ಹೋದ ಮ್ಯಾಲೆ ನಾಕು ಮಂದಿ. ಎಲ್ಲಾರ ತುಂಡೂ ಸಣ್ಣದಾತು.” ಆಮೇಲೆ ಹೇಳಿದಳು, “ನಾಕನೇದಾಕಿ ನಾನ ಇದ್ದೆ.”

ನಾನು ಬೋರ್ಡಿನ ಕಡೆ ತಿರುಗಿ ಸ್ವಲ್ಪ ಹೊತ್ತು ಸುಮ್ಮನೆ ಒರೆಸಿದೆ. ನಾನು ಅವಳನ್ನು ಊರಿಗೆ ಕಳಿಸಿದ್ದೆ. ಅವಳು ಅಲ್ಲಿಂದ ನನ್ನ ಪಾಠವನ್ನು ಕಲಿತುಕೊಂಡು ಬಂದಿದ್ದಾಳೆ.

ಆಮೇಲೆ ನೋಡುತ್ತೇನೆ, ಅಕ್ಕ ಸ್ಲೇಟಿನ ಮೇಲೆ ದುಂಡಗೆ ರೊಟ್ಟಿ ಬರೆದು, ಗೆರೆ ಎಳೆದು ತಂಗಿಗೆ ಹೇಳಿಕೊಡುತ್ತಿದ್ದಾಳೆ. ತಂಗಿ ಗಲ್ಲಕ್ಕೆ ಕೈ ಕೊಟ್ಟು ಕೇಳುತ್ತಿದ್ದಾಳೆ. ನಟನೆಯೋ ನಿಜವೋ ನನಗೆ ಇವತ್ತಿಗೂ ಗೊತ್ತಾಗಿಲ್ಲ.

ಎರಡೂ ಹಾಳೆಯನ್ನು ಮನೆಗೆ ಕಳಿಸಿದ್ದೆ. ಶನಿವಾರ ಬೆಳಿಗ್ಗೆ ಶಿಫ್ಟಿಗೆ ಹೋಗುವ ಮುಂಚೆ ಕೊಟ್ರಪ್ಪ ಗೇಟಿನ ಹತ್ತಿರ ನಿಂತಿದ್ದ. “ದೊಡ್ಡಾಕಿ ಮುಂದ ಹೋಗ್ಯಾಳಲ್ರಿ ಅಕ್ಕೋರ,” ಎಂದು ನಕ್ಕ. ಅವನು ನಗುವುದನ್ನು ನಾನು ನೋಡಿರಲಿಲ್ಲ. “ಇನ್ನ ಊರಿಗೆ ಕಳಿಸೂ ಮಾತಿಲ್ರಿ. ಇಬ್ರೂ ಇಲ್ಲೇ ಓದಲಿ.” ಬೇಸಿಗೆಯ ಮಾತೆತ್ತಲಿಲ್ಲ.

ಮುಂದಿನ ಶನಿವಾರ ಮಧ್ಯಾಹ್ನ ನಿಮ್ಮಲ್ಲಿಗೆ ಬರುತ್ತೇನೆ. ಮೆಟ್ರೊ ಹತ್ತಿ, ಇಳಿದು, ಎರಡು ಬಸ್ಸು ಬದಲಾಯಿಸಿ ಬರಬೇಕು, ಊಟಕ್ಕೆ ಕಾಯಬೇಡಿ. ಒಂದು ಹಾರ ತರುತ್ತೇನೆ. ಐದು ವರ್ಷ ತಡವಾಗಿದೆ, ಬೇಡ ಅನ್ನಬೇಡಿ.

ಇನ್ನೊಂದು ಹೇಳಿ ಮುಗಿಸುತ್ತೇನೆ. ಇವತ್ತು ಸಂಜೆ ಬೆಲ್ ಆದ ಮೇಲೆ ಭಾಗ್ಯಶ್ರೀಯನ್ನು ನಿಲ್ಲಿಸಿ ಕೇಳಿದೆ, ಮುಂದಿನ ಪರೀಕ್ಷೆಯಲ್ಲಿ ಏನು ಬರೀತೀಯ ಎಂದು. ಬ್ಯಾಗು ಹೆಗಲಿಗೇರಿಸಿಕೊಂಡು ಯೋಚಿಸಿದಳು. ಮಹಾನಂದಾ ಆಗಲೇ ಗೇಟು ದಾಟಿ ಸಿದ್ರಾಮನ ಜೊತೆ ಏನೋ ವಾದ ಮಾಡುತ್ತಾ ನಿಂತಿದ್ದಳು. ಅವಳ ಕಡೆಯೇ ನೋಡುತ್ತಾ ಈ ಹುಡುಗಿ ಹೇಳಿದಳು:

“ನಂದ ಬರೀತೀನ್ರಿ ಮಿಸ್. ಅಕ್ಕ ಏನ್ ಬರೀತಾಳಂತ ಈಗ ನನಗ ಗೊತ್ತಾಗವಲ್ದು.”

ನಿಮ್ಮ
ಶಶಿ